ಶಿಯಾನ್‌ನಲ್ಲಿ ಒಂದು ದಿನ: ಮನೆಮಂದಿಯ ಜೊತೆ ಹೊರಡುವವರಿಗೆ

ಚೀನಾ ಪ್ರವಾಸಕ್ಕೆ ಹೊರಟ ನಮ್ಮವರ ಪಟ್ಟಿಯಲ್ಲಿ ಬೀಜಿಂಗ್, ಶಾಂಘೈ ಇದ್ದೇ ಇರುತ್ತವೆ. ನಡುವೆ ಶಿಯಾನ್‌ಗೆ ಸಿಗುವುದು ಹೆಚ್ಚೆಂದರೆ ಒಂದು ಹಗಲು, ಒಂದು ರಾತ್ರಿ. ಬೀಜಿಂಗ್‌ನಿಂದ ಅತಿವೇಗದ ರೈಲು ಹತ್ತಿದರೆ ಐದು ಗಂಟೆಯ ಆಸುಪಾಸಿನಲ್ಲಿ ತಲುಪುವ ಈ ಊರು ಶಾನ್ಶಿ ಪ್ರಾಂತ್ಯದ ರಾಜಧಾನಿ. ಹಿಂದೆ ಇದಕ್ಕೆ ಛಾಂಗಾನ್ ಎಂಬ ಹೆಸರಿತ್ತು. ಹಾನ್, ತಾಂಗ್ ದೊರೆಗಳು ಆಳಿದ್ದು ಇಲ್ಲಿಂದಲೇ. ರೇಷ್ಮೆ ದಾರಿ ಪೂರ್ವದಲ್ಲಿ ಶುರುವಾಗುತ್ತಿದ್ದದ್ದೂ ಇಲ್ಲಿಂದಲೇ.

ಒಂದೇ ದಿನ ಇದೆ ಅಂದಾಗ ಟ್ರಾವೆಲ್ ಏಜೆನ್ಸಿಯವರು ಏಳೆಂಟು ಜಾಗಗಳ ಪಟ್ಟಿ ಕೈಗೆ ಕೊಡುತ್ತಾರೆ. ಅಜ್ಜಿ, ತಾತ, ಮಕ್ಕಳು ಎಲ್ಲ ಜೊತೆಗಿದ್ದರೆ ಆ ಪಟ್ಟಿ ಮಧ್ಯಾಹ್ನದ ಹೊತ್ತಿಗೇ ಕುಸಿದು ಬೀಳುತ್ತದೆ. ನಾನು ಹೇಳುವುದು ಮೂರೇ ಜಾಗ: ಬೆಳಗ್ಗೆ ಚಕ್ರವರ್ತಿಯೊಬ್ಬನ ಸಮಾಧಿಯ ಕಾವಲಿಗೆ ನಿಲ್ಲಿಸಿದ್ದ ಮಣ್ಣಿನ ಸೈನ್ಯ (ಟೆರಾಕೋಟಾ ಆರ್ಮಿ), ಮಧ್ಯಾಹ್ನದ ಮೇಲೆ ಹ್ಯೂಯೆನ್ ತ್ಸಾಂಗ್‌ನ ಗೋಪುರ, ಸಂಜೆ ಊರ ಕೋಟೆಗೋಡೆ. ಜೊತೆಗೆ ಒಬ್ಬ ಒಳ್ಳೆಯ ಗೈಡ್. ಈ ಮೂರನ್ನು ನಿಧಾನವಾಗಿ, ಹತ್ತಿರ ನಿಂತು ನೋಡಿದವರಿಗೆ ಶಿಯಾನ್ ಏನೆಂದು ತಿಳಿಯುತ್ತದೆ. ಎಂಟು ಜಾಗಗಳಲ್ಲಿ ಬಸ್ ಇಳಿದು ಫೋಟೋ ತೆಗೆದವರಿಗೆ ತಿಳಿಯುವುದಿಲ್ಲ.

ಹೊರಡುವ ಮೊದಲು

ದಿನ ಆರಿಸುವುದೇ ಮೊದಲ ಕೆಲಸ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಹವೆ ಚೆನ್ನ. ಜುಲೈನಲ್ಲಿ ಬಿಸಿಲು 35 ಡಿಗ್ರಿ ದಾಟುತ್ತದೆ, ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದರೆ ಹವೆಗಿಂತ ಮುಖ್ಯವಾದದ್ದು ಚೀನೀಯರ ರಜೆ. ಅಕ್ಟೋಬರ್ 1ರಿಂದ ಒಂದು ವಾರ ಇಡೀ ದೇಶವೇ ಪ್ರವಾಸಕ್ಕೆ ಹೊರಡುತ್ತದೆ. ಕೆಲವು ವರ್ಷ ನಮ್ಮ ದಸರಾ ರಜೆ ಸರಿಯಾಗಿ ಆ ವಾರಕ್ಕೇ ಬಂದು ಕೂರುತ್ತದೆ. ಮಕ್ಕಳಿಗೆ ರಜೆ ಇದೆ ಎಂದು ಆಗ ಟಿಕೆಟ್ ಮಾಡಿಸಬೇಡಿ. ಮಣ್ಣಿನ ಸೈನಿಕರ ಬದಲು ಮನುಷ್ಯರ ಬೆನ್ನು ನೋಡಿಕೊಂಡು ಬರಬೇಕಾಗುತ್ತದೆ. ಮೇ 1ರಿಂದ ಐದು ದಿನ, ಚೀನೀ ಹೊಸವರ್ಷದ ವಾರ ಕೂಡ ಹಾಗೆಯೇ. ಬೇಸಿಗೆ ರಜೆಯಲ್ಲಿ ಹೋಗುವುದಾದರೆ ಏಪ್ರಿಲ್ ಮಧ್ಯದಲ್ಲಿ ಹೋಗಿ ಬಂದುಬಿಡಿ.

ಪಾಸ್‌ಪೋರ್ಟ್ ಬಗ್ಗೆ ಒಂದು ಮಾತು. ಚೀನಾದಲ್ಲಿ ದೊಡ್ಡ ಪ್ರವಾಸಿ ತಾಣಗಳ ಟಿಕೆಟ್ ಸಿಗುವುದು ಹೆಸರು ಮತ್ತು ಪಾಸ್‌ಪೋರ್ಟ್ ನಂಬರಿನ ಮೇಲೆ. ಗೇಟಿನಲ್ಲಿ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು, ಫೋನಿನಲ್ಲಿರುವ ಫೋಟೋ ಸಾಲದು. ಹೋಟೆಲ್ ಲಾಕರ್‌ನಲ್ಲಿ ಬಿಟ್ಟು ಹೊರಟರೆ ನಲವತ್ತು ಕಿಲೋಮೀಟರ್ ವಾಪಸ್ ಬರಬೇಕು. ಎಲ್ಲರ ಪಾಸ್‌ಪೋರ್ಟನ್ನೂ ಒಬ್ಬರೇ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಮಕ್ಕಳಿಗೆ, ಅರವತ್ತು ದಾಟಿದವರಿಗೆ ಅನೇಕ ಕಡೆ ರಿಯಾಯಿತಿ ಇರುತ್ತದೆ, ಕೆಲವೆಡೆ ಉಚಿತ. ವಯಸ್ಸು ತೋರಿಸುವುದಕ್ಕೂ ಪಾಸ್‌ಪೋರ್ಟೇ ಬೇಕು. ಟಿಕೆಟ್ ಮಾಡಿಸುವ ಮುಂಚೆ ಗೈಡ್ ಹತ್ತಿರ ಕೇಳಿಕೊಳ್ಳಿ.

ದುಡ್ಡಿನ ವಿಷಯ. ಅಲ್ಲಿ ಎಳನೀರು ಮಾರುವವನಿಂದ ಹಿಡಿದು ದೊಡ್ಡ ಅಂಗಡಿಯವರೆಗೆ ಎಲ್ಲರೂ ಕ್ಯೂಆರ್ ಕೋಡ್ ಇಟ್ಟಿರುತ್ತಾರೆ, ಆದರೆ ನಮ್ಮ ಯುಪಿಐ ಅದರ ಮೇಲೆ ನಡೆಯುವುದಿಲ್ಲ. ಅಲಿಪೇ ಅಥವಾ ವೀಚಾಟ್ ಆ್ಯಪ್ ಹಾಕಿಕೊಂಡು, ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ, ಪಾಸ್‌ಪೋರ್ಟ್ ಪರಿಶೀಲನೆಯನ್ನೂ ಊರಲ್ಲೇ ಮುಗಿಸಿಕೊಳ್ಳಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಚಾಲೂ ಆಗಿದೆಯೇ ಎಂದು ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ. ಒಟಿಪಿ ಬರಬೇಕಾದ ಸಿಮ್‌ಗೆ ರೋಮಿಂಗ್ ಇರಲಿ. ಒಂದೇ ಬಾರಿಗೆ 200 ಯುವಾನ್ ಮೀರಿದ ಪಾವತಿಗೆ ವಿದೇಶಿ ಕಾರ್ಡಾದರೆ ಶೇಕಡಾ 3ರಷ್ಟು ಹೆಚ್ಚುವರಿ ಬೀಳುತ್ತದೆ. ಯುವಾನ್ ಒಂದಕ್ಕೆ 12-13 ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ಕೈಯಲ್ಲಿ ಸ್ವಲ್ಪ ನಗದೂ ಇರಲಿ.

ಗೂಗಲ್, ವಾಟ್ಸಾಪ್, ಯೂಟ್ಯೂಬ್ ಹೋಟೆಲಿನ ವೈಫೈನಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿದರೆ ಅದರ ಡೇಟಾದಲ್ಲಿ ನಡೆಯುತ್ತವೆ. ಮನೆಯಲ್ಲಿ ಒಬ್ಬರಿಗಾದರೂ ಅದು ಇರಲಿ. ಹೋಟೆಲಿನ ಹೆಸರು, ವಿಳಾಸ ಚೀನೀ ಲಿಪಿಯಲ್ಲಿ ಇರುವ ಕಾರ್ಡನ್ನು ರಿಸೆಪ್ಷನ್‌ನಲ್ಲಿ ಕೇಳಿ ಪಡೆದು, ಮಕ್ಕಳ ಜೇಬಿಗೂ ಒಂದೊಂದು ಹಾಕಿ.

ಗೈಡ್ ಜೊತೆ ಮೊದಲೇ ಆಡಬೇಕಾದ ಮಾತು

ಗೈಡ್ ಬೇಕೇ ಅಂದರೆ, ಈ ಊರಲ್ಲಿ ಬೇಕು. ಮಣ್ಣಿನ ಸೈನ್ಯದ ಗುಂಡಿಗಳ ಪಕ್ಕದ ಫಲಕಗಳು ಚುಟುಕಾಗಿವೆ. ತೋರಿಸುವವರಿಲ್ಲದಿದ್ದರೆ ಕಣ್ಣು ದೊಡ್ಡದನ್ನಷ್ಟೇ ನೋಡಿ ತಣಿಯುತ್ತದೆ, ಸಣ್ಣದನ್ನು ಬಿಟ್ಟುಬಿಡುತ್ತದೆ. ಆದರೆ ಗೇಟಿನ ಹತ್ತಿರ ಬಂದು ಕೈ ಹಿಡಿಯುವವರನ್ನು ಒಪ್ಪಬೇಡಿ. ಪರವಾನಗಿ ಇರುವ, ಇಂಗ್ಲಿಷ್ ಬಲ್ಲ ಗೈಡ್ ಅನ್ನು ಹೋಟೆಲ್ ಮೂಲಕವೋ ನಂಬಿಕಸ್ಥ ಏಜೆನ್ಸಿ ಮೂಲಕವೋ ಮುಂಚೆಯೇ ಗೊತ್ತುಮಾಡಿ. ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ನಿಮ್ಮದೇ ವ್ಯಾನ್, ನಿಮ್ಮದೇ ಗೈಡ್ ಮಾಡಿಕೊಳ್ಳುವುದು ಲೇಸು. ದೊಡ್ಡ ಗುಂಪಿನ ಬಸ್ಸಿಗಿಂತ ತಲೆಗೆ ತುಸು ಹೆಚ್ಚು ಬೀಳಬಹುದು, ಆದರೆ ಅಜ್ಜಿ ಕುಳಿತಾಗ ಇಡೀ ಗುಂಪು ಕಾಯಬೇಕಾದ ಸಂಕೋಚ ಇರುವುದಿಲ್ಲ.

ಮಾತು ಬರವಣಿಗೆಯಲ್ಲೇ ಆಗಲಿ. ಕಾರು, ಡ್ರೈವರ್, ಪಾರ್ಕಿಂಗ್, ಪ್ರವೇಶ ಟಿಕೆಟ್ ಇವುಗಳಲ್ಲಿ ಯಾವುದು ದರದೊಳಗೆ, ಯಾವುದು ಹೊರಗೆ? ಸಂಜೆ ಎಷ್ಟು ಗಂಟೆಯವರೆಗೆ? ಅದನ್ನು ಮೀರಿದರೆ ಗಂಟೆಗೆ ಎಷ್ಟು? ಇನ್ನೊಂದು ವಿಷಯವನ್ನು ಮುಲಾಜಿಲ್ಲದೆ ಹೇಳಿ: ಜೇಡ್ ಕಲ್ಲಿನ ಅಂಗಡಿ, ರೇಷ್ಮೆ ಅಂಗಡಿ, ಮಣ್ಣಿನ ಬೊಂಬೆ ಮಾಡುವ ಫ್ಯಾಕ್ಟರಿ ಯಾವುದೂ ಬೇಡ. ಇವುಗಳಲ್ಲಿ ಒಂದೊಂದಕ್ಕೂ ಮುಕ್ಕಾಲು ಗಂಟೆ ಹೋಗುತ್ತದೆ, ಮತ್ತು ಅದು ಹೋಗುವುದು ನಿಮ್ಮ ಕೋಟೆಯ ಸಂಜೆಯಿಂದ.

ಕೊನೆಗೆ, ನಿಮ್ಮ ಮನೆಮಂದಿಯನ್ನು ಗೈಡ್‌ಗೆ ಪರಿಚಯ ಮಾಡಿಕೊಡಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಿದರೆ ದಿನವೇ ಬದಲಾಗುತ್ತದೆ. ತಾತನಿಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಅತ್ತೆ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಗಳು ಏಳನೇ ಕ್ಲಾಸು, ಇತಿಹಾಸ ಇಷ್ಟ. ಚಿಕ್ಕವನಿಗೆ ಎರಡು ಗಂಟೆಗೊಮ್ಮೆ ಹಸಿವು. ಇಷ್ಟು ಬರೆದು ಕಳಿಸಿದರೆ ಗೈಡ್ ತನ್ನ ಮಾಮೂಲಿ ಪಾಠವನ್ನು ಒಪ್ಪಿಸುವ ಬದಲು ನಿಮ್ಮ ಮಗಳ ಜೊತೆ ಮಾತಾಡಲು ಶುರುಮಾಡುತ್ತಾನೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಎಲ್ಲರ ಹೆಸರು, ನಂಬರುಗಳನ್ನೂ ಆಗಲೇ ಕಳಿಸಿ, ಟಿಕೆಟ್ಟನ್ನು ಗೈಡ್ ಕೈಯಲ್ಲೇ ಮಾಡಿಸಿ.

ಬೆಳಗ್ಗೆ: ಮಣ್ಣಿನ ಸೈನ್ಯ

ಬೆಳಗ್ಗೆ ಏಳೂಕಾಲಕ್ಕೆ ಹೋಟೆಲ್ ಬಿಡಿ. ಭಾರತದ ಗಡಿಯಾರಕ್ಕಿಂತ ಚೀನಾ ಎರಡೂವರೆ ಗಂಟೆ ಮುಂದೆ, ಹಾಗಾಗಿ ಇಳಿದ ಮರುದಿನವೇ ಹೊರಟರೆ ಮಕ್ಕಳ ಲೆಕ್ಕಕ್ಕೆ ಅದು ಮುಂಜಾನೆ ಐದು ಗಂಟೆಗೂ ಮುಂಚೆ. ಹಿಂದಿನ ರಾತ್ರಿ ಬೇಗ ಮಲಗಿಸಿ, ವ್ಯಾನಿನಲ್ಲಿ ಒಂದು ಗಂಟೆ ನಿದ್ದೆ ಮಾಡಲಿ. ಊರಿನಿಂದ ಪೂರ್ವಕ್ಕೆ ಲಿಂಟಾಂಗ್ ಕಡೆ ಸುಮಾರು 40 ಕಿಲೋಮೀಟರ್. ಗೇಟು ತೆರೆಯುವ ಎಂಟೂವರೆಗೆ ನೀವು ಅಲ್ಲಿರಬೇಕು. ಟಿಕೆಟ್ ದರ 120 ಯುವಾನ್. ಗೇಟಿನಿಂದ ಗುಂಡಿಗಳವರೆಗೆ ನಡಿಗೆ ಉದ್ದ ಇದೆ, ಹಿರಿಯರಿಗೆ ಬ್ಯಾಟರಿ ಗಾಡಿ ಹತ್ತಿಸಿ. ಅವರ ಕಾಲಿನ ಶಕ್ತಿ ಒಳಗೆ ಬೇಕಾಗುತ್ತದೆ.

ಮಕ್ಕಳಿಗೆ ಕಥೆಯನ್ನು ವ್ಯಾನಿನಲ್ಲೇ ಹೇಳಿಸಿಬಿಡಿ. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹ್ವಾಂಗ್ ಎಂಬ ಚಕ್ರವರ್ತಿ ಕ್ರಿ.ಪೂ. 210ರಲ್ಲಿ ಸತ್ತ. ಅವನ ಸಮಾಧಿಯ ಕಾವಲಿಗೆ ನೆಲದಡಿ ಮಣ್ಣಿನ ಸೈನ್ಯ ನಿಲ್ಲಿಸಿದ್ದರು. ಎರಡು ಸಾವಿರ ವರ್ಷ ಅದರ ಸುಳಿವು ಯಾರಿಗೂ ಇರಲಿಲ್ಲ. 1974ರ ಮಾರ್ಚಿನಲ್ಲಿ ಬರಗಾಲಕ್ಕೆ ಬಾವಿ ತೋಡುತ್ತಿದ್ದ ರೈತರ ಸನಿಕೆಗೆ ಮಣ್ಣಿನ ಚೂರುಗಳು ಸಿಕ್ಕವು. 1979ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು, 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಒಟ್ಟು ಎಂಟು ಸಾವಿರದಷ್ಟು ಸೈನಿಕರು ಇರಬಹುದೆಂದು ಅಂದಾಜು. ಮೇಲೆ ತೆಗೆದು ಜೋಡಿಸಿರುವುದು ಅದರಲ್ಲಿ ಸಣ್ಣ ಪಾಲು.

ಗುಂಡಿಗಳ ಕ್ರಮದ ಬಗ್ಗೆ ಗೈಡ್‌ಗಳಲ್ಲಿ ಎರಡು ಅಭಿಪ್ರಾಯ. ಕೆಲವರು ಚಿಕ್ಕದರಿಂದ ಶುರುಮಾಡಿ ದೊಡ್ಡದಕ್ಕೆ ಬರುತ್ತಾರೆ. ಬೇಗ ತಲುಪಿದ್ದರೆ ಒಂದನೇ ಗುಂಡಿಯನ್ನೇ ಮೊದಲು ನೋಡಿ ಎಂಬುದು ನನ್ನ ಸಲಹೆ. ಹತ್ತು ಗಂಟೆಯ ಮೇಲೆ ಅಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸದೆ ಏನೂ ಕಾಣುವುದಿಲ್ಲ. 230 ಮೀಟರ್ ಉದ್ದ, 62 ಮೀಟರ್ ಅಗಲದ ಈ ಗುಂಡಿಯ ಮುಂಭಾಗದ ಕಟಕಟೆ ಹತ್ತಿರ ಎಲ್ಲರೂ ನಿಂತುಬಿಡುತ್ತಾರೆ. ಎರಡು ಫೋಟೋ ತೆಗೆದುಕೊಂಡು ನೀವು ಪಕ್ಕದ ಹಾದಿಯಲ್ಲಿ ಹಿಂದಕ್ಕೆ ನಡೆಯಿರಿ. ಸಾಲುಗಳ ನಡುವಿನ ಮಣ್ಣುಗೋಡೆಗಳ ಮೇಲ್ಭಾಗ ಅಲೆಅಲೆಯಾಗಿರುವುದನ್ನು ಮಕ್ಕಳಿಗೆ ತೋರಿಸಿ. ಅಲ್ಲಿ ಮರದ ತೊಲೆಗಳ ಚಾವಣಿ ಇತ್ತು, ಅದು ಸುಟ್ಟು ಕುಸಿದಾಗ ತೊಲೆಗಳ ಅಚ್ಚು ಮಣ್ಣಿನಲ್ಲಿ ಉಳಿಯಿತು. ಸೈನಿಕರಲ್ಲಿ ಹೆಚ್ಚುಕಡಿಮೆ ಎಲ್ಲರೂ ಚೂರುಚೂರಾಗಿ ಸಿಕ್ಕಿದ್ದು ಈ ಕುಸಿತದಿಂದ. ಗುಂಡಿಯ ಹಿಂಭಾಗದಲ್ಲಿ ಚೂರುಗಳನ್ನು ಜೋಡಿಸುವ ಜಾಗವಿದೆ. ಅರ್ಧ ಜೋಡಿಸಿದ ಮೈ, ತಲೆಯಿಲ್ಲದ ಭುಜ, ಪಟ್ಟಿ ಸುತ್ತಿದ ಕಾಲು. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ, ಏಳಿಸಬೇಡಿ.

ಸೈನಿಕರ ಕೈ ಬರಿದಾಗಿದೆಯಲ್ಲ, ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಿಡಿದಿದ್ದ ಭರ್ಜಿಗಳ ಮರದ ಹಿಡಿ ಕೊಳೆತುಹೋಯಿತು. ಕಂಚಿನ ಬಾಣದ ಮೊನೆ, ಕತ್ತಿ, ಭರ್ಜಿಯ ಅಲಗುಗಳು ಮಾತ್ರ ಸಾವಿರಾರು ಸಂಖ್ಯೆಯಲ್ಲಿ ಸಿಕ್ಕಿವೆ. ಬಣ್ಣವೂ ಇತ್ತು. ಅರಗಿನ ಲೇಪದ ಮೇಲೆ ಕೆಂಪು, ಹಸಿರು, ನೇರಳೆ ಹಚ್ಚಿದ್ದರು. ಹೊರಗಿನ ಒಣಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಆ ಲೇಪ ಸುರುಳಿ ಸುತ್ತಿ ಉದುರಿಹೋಗುತ್ತದೆ. ಉಳಿದ ಸೈನಿಕರನ್ನು ಅವಸರದಲ್ಲಿ ಅಗೆದು ತೆಗೆಯದಿರುವುದಕ್ಕೆ ಇದೂ ಒಂದು ಕಾರಣ.

ಮೂರನೇ ಗುಂಡಿ ಚಿಕ್ಕದು, ಸೇನಾಧಿಪತಿಗಳ ಠಾಣೆ ಎನ್ನುತ್ತಾರೆ. ಹತ್ತು ನಿಮಿಷ ಸಾಕು. ಎರಡನೇ ಗುಂಡಿಯಲ್ಲಿ ಬಹುಪಾಲು ಇನ್ನೂ ಮಣ್ಣೇ ಕಾಣುವುದರಿಂದ ಅನೇಕರು ಬೇಗ ಹೊರಬೀಳುತ್ತಾರೆ. ಆದರೆ ಗಾಜಿನ ಪೆಟ್ಟಿಗೆಗಳಲ್ಲಿ ಒಬ್ಬೊಬ್ಬನನ್ನೇ ಇಟ್ಟು ಹತ್ತಿರದಿಂದ ತೋರಿಸುವುದು ಅಲ್ಲೇ. ಮಂಡಿಯೂರಿ ಕುಳಿತ ಬಿಲ್ಲುಗಾರನ ಪೆಟ್ಟಿಗೆಯ ಹಿಂಬದಿಗೆ ಹೋಗಿ ಬಗ್ಗಿ ನೋಡಿ. ಎತ್ತಿದ ಬಲಗಾಲಿನ ಪಾದರಕ್ಷೆಯ ಅಡಿ ಕಾಣುತ್ತದೆ. ಅದರ ಮೇಲೆ ದಾರದ ಹೊಲಿಗೆಯ ಗುರುತುಗಳಿವೆ. ಹೆಬ್ಬೆರಳು ಮತ್ತು ಹಿಮ್ಮಡಿಯ ಕಡೆ ಹೊಲಿಗೆ ದಟ್ಟ, ನಡುವೆ ವಿರಳ. ಸವೆಯುವ ಕಡೆ ಬಿಗಿ, ಸವೆಯದ ಕಡೆ ಸಡಿಲ. ಮಣ್ಣಿನಡಿ ಹೂತುಹೋಗಲಿರುವ ಬೊಂಬೆಯ ಅಂಗಾಲಿನಲ್ಲಿ ಯಾರೋ ಕುಶಲಕರ್ಮಿ ಇಷ್ಟು ಎಚ್ಚರದಿಂದ ಕೈಯಾಡಿಸಿದ್ದಾನೆ. ಕೆಲವು ಬೊಂಬೆಗಳ ಮೈಮೇಲೆ ಮಾಡಿದವರ ಹೆಸರಿನ ಮುದ್ರೆಯೂ ಇದೆ, ಅಂಥ ಎಂಬತ್ತಕ್ಕೂ ಹೆಚ್ಚು ಹೆಸರು ಸಿಕ್ಕಿವೆ. ಗೈಡ್‌ಗೆ ಅದನ್ನು ಹೇಳಲು ಕೇಳಿ. ಚಕ್ರವರ್ತಿಯ ಕಥೆ ಎಲ್ಲರೂ ಹೇಳುತ್ತಾರೆ, ಇವರ ಕಥೆ ಕೇಳಿದವರಿಗೆ ಮಾತ್ರ ಹೇಳುತ್ತಾರೆ.

ಹನ್ನೊಂದೂವರೆಗೆ ಒಂದು ತೀರ್ಮಾನ ಮಾಡಬೇಕು. ಅದೇ ಟಿಕೆಟ್ಟಿನಲ್ಲಿ ಉಚಿತ ಬಸ್ ಹತ್ತಿ ಒಂದೂವರೆ ಕಿಲೋಮೀಟರ್ ಪಶ್ಚಿಮಕ್ಕಿರುವ ಸಮಾಧಿಯ ಉದ್ಯಾನಕ್ಕೆ ಹೋಗಬಹುದು. ಸಮಾಧಿಯನ್ನು ಇಂದಿಗೂ ತೆರೆದಿಲ್ಲ, ಹಾಗಾಗಿ ನೋಡಲು ಹಸಿರು ದಿಣ್ಣೆಯಷ್ಟೇ. ಆದರೆ 1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳು ಈಗ ಅಲ್ಲಿನ ನೆಲಮಾಳಿಗೆಯ ಸಂಗ್ರಹಾಲಯದಲ್ಲಿವೆ. ನಿಜವಾದ ರಥದ ಅರ್ಧ ಅಳತೆ, ನಾಲ್ಕು ನಾಲ್ಕು ಕುದುರೆ, ಒಂದೊಂದರಲ್ಲೂ ಮೂರು ಸಾವಿರಕ್ಕೂ ಹೆಚ್ಚು ಬಿಡಿಭಾಗ. ಮುಂದಿನ ರಥದ ಛತ್ರಿಯನ್ನು ಬಿಸಿಲು ಬಂದ ಕಡೆಗೆ ವಾಲಿಸಿ ಚಿಲಕ ಹಾಕುವಂತೆ ಮಾಡಿದ್ದಾರೆ. ಎಲ್ಲರ ಕಾಲೂ ಗಟ್ಟಿಯಿದ್ದರೆ ಇದನ್ನು ಬಿಡಬೇಡಿ. ಹಿರಿಯರು ಸುಸ್ತಾಗಿದ್ದರೆ ಬಿಟ್ಟುಬಿಡಿ, ಮಧ್ಯಾಹ್ನಕ್ಕೆ ಶಕ್ತಿ ಉಳಿಯಲಿ.

ಹೊರಬರುವ ದಾರಿ ಅಂಗಡಿ ಬೀದಿಯ ಮೂಲಕವೇ. ಮಕ್ಕಳಿಗೆ ಮಣ್ಣಿನ ಬೊಂಬೆ ಬೇಕೇಬೇಕೆಂದರೆ ಸಣ್ಣದೊಂದನ್ನು ಚೌಕಾಸಿ ಮಾಡಿ ಕೊಡಿಸಿ. ಲಿಂಟಾಂಗ್ ದಾಳಿಂಬೆಗೆ ಹೆಸರುವಾಸಿ, ಹಣ್ಣಿನ ಕಾಲವಾದರೆ ಕಣ್ಣೆದುರೇ ಹಿಂಡಿದ ರಸ ಕುಡಿಸಿ. ಊಟವನ್ನು ಮಾತ್ರ ಅಲ್ಲಿ ಮಾಡಬೇಡಿ, ಊರಿಗೇ ಬನ್ನಿ.

ಊಟ, ಅದರಲ್ಲೂ ಸಸ್ಯಾಹಾರಿಗಳ ಊಟ

ಶಿಯಾನ್ ಗೋಧಿಯ ನಾಡು. ಹಾಗಾಗಿ ನಮ್ಮ ಸಸ್ಯಾಹಾರಿಗಳಿಗೆ ಇದು ಚೀನಾದ ಬೇರೆ ಅನೇಕ ಊರುಗಳಿಗಿಂತ ಸುಲಭ. ಲ್ಯಾಂಗ್‌ಪಿ ಕೇಳಿ. ಅಕ್ಕಿ ಅಥವಾ ಗೋಧಿ ಹಿಟ್ಟಿನ ತಣ್ಣನೆ ಪಟ್ಟಿಗಳಿಗೆ ಸೌತೆಕಾಯಿ, ಮೊಳಕೆಕಾಳು, ವಿನಿಗರ್, ಮೆಣಸಿನ ಎಣ್ಣೆ ಕಲಸಿ ಕೊಡುತ್ತಾರೆ. ಇನ್ನೊಂದು ಯೋಪೋ ಮ್ಯೆನ್. ಬೆಲ್ಟಿನಗಲದ ಬಿಸಿ ನೂಡಲ್ ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಇಟ್ಟು, ಚೆನ್ನಾಗಿ ಕಾಯಿಸಿದ ಎಣ್ಣೆಯನ್ನು ಚುಂಯ್ ಎಂದು ಸುರಿಯುತ್ತಾರೆ. ನಮ್ಮ ಒಗ್ಗರಣೆಯದೇ ಘಮ. ಅತ್ತೆಯ ಮುಖ ಆ ದಿನ ಮೊದಲ ಸಲ ಅರಳುವುದು ಇಲ್ಲೇ ಇರಬಹುದು.

ಆದರೆ ಎಚ್ಚರ. ಸಾರಿನಲ್ಲಿ ಮೂಳೆಯ ರಸ ಇರಬಹುದು, ಕರಿಯುವುದು ಹಂದಿಯ ಕೊಬ್ಬಿನಲ್ಲಿರಬಹುದು, ತರಕಾರಿ ಪಲ್ಯಕ್ಕೆ ರುಚಿಗೆಂದು ಖೀಮಾ ಉದುರಿಸಿರಬಹುದು. "ವೊ ಚರ್ ಸು" ಎಂದರೆ ನಾನು ಸಸ್ಯಾಹಾರಿ. "ಬು ಯಾವ್ ರೌ", ಮಾಂಸ ಬೇಡ. "ಬು ಯಾವ್ ಜಿದಾನ್", ಮೊಟ್ಟೆ ಬೇಡ. ನಮ್ಮ ಉಚ್ಚಾರ ಅವರಿಗೆ ಹಿಡಿಯದೆ ಹೋಗಬಹುದು, ಆದ್ದರಿಂದ ಇದೆಲ್ಲವನ್ನೂ ಸಾರು, ಎಣ್ಣೆ ಸಮೇತ ಗೈಡ್ ಕೈಯಲ್ಲಿ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಇಡೀ ಪ್ರವಾಸಕ್ಕೂ ಆ ಚೀಟಿ ಬರುತ್ತದೆ. ಮಾಂಸ ತಿನ್ನುವವರಾದರೂ ಕೇಳಿ ತಿನ್ನಿ: ನ್ಯೂರೌ ದನದ್ದು, ಯಾಂಗ್‌ರೌ ಕುರಿಯದು, ಝೂರೌ ಹಂದಿಯದು. ರೊಟ್ಟಿಯನ್ನು ನಾವೇ ಕೈಯಾರೆ ಚೂರು ಮಾಡಿ ಬಟ್ಟಲಿಗೆ ಹಾಕಿ ಕೊಟ್ಟರೆ ಅದರ ಮೇಲೆ ಕುರಿಯ ಸಾರು ಹಾಕಿ ತರುವ ಪಾವೋಮೋ ಈ ಊರಿನ ಹೆಮ್ಮೆ.

ಅನ್ನ ಎಲ್ಲ ಕಡೆ ಸಿಗುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡರೆ ಹಿರಿಯರ ಚಿಂತೆ ಮುಗಿಯಿತು. ಬಿಸಿನೀರಿಗೂ ಕೊರತೆಯಿಲ್ಲ. ಹೋಟೆಲ್ ಕೋಣೆ, ರೈಲು, ಸ್ಟೇಷನ್ ಎಲ್ಲೆಡೆ ಇರುತ್ತದೆ, ದಿಢೀರ್ ಉಪ್ಪಿಟ್ಟಿನ ಪೊಟ್ಟಣ ಒಂದಷ್ಟು ಒಯ್ಯಿರಿ. ಮೊಸರನ್ನ ಮಾತ್ರ ಮರೆತುಬಿಡಿ, ಅಂಗಡಿಯ ಮೊಸರು ಸಾಮಾನ್ಯವಾಗಿ ಸಿಹಿ.

ಮಧ್ಯಾಹ್ನದ ಮೇಲೆ: ಹ್ಯೂಯೆನ್ ತ್ಸಾಂಗ್‌ನ ಗೋಪುರ

ಮೂರು ಗಂಟೆಗೆ ಊರಿನ ದಕ್ಷಿಣದಲ್ಲಿರುವ ದಾ-ತ್ಸಿಎನ್ ದೇವಾಲಯದ ಬಾಗಿಲಲ್ಲಿರಿ. ಅದರೊಳಗೆ ನಿಂತಿರುವುದೇ ದೊಡ್ಡ ಕಾಡುಬಾತಿನ ಗೋಪುರ. ನಮ್ಮ ಮಕ್ಕಳು ಸಮಾಜ ಪಾಠದಲ್ಲಿ ಹೆಸರು ಓದಿದ ಹ್ಯೂಯೆನ್ ತ್ಸಾಂಗ್ ಬದುಕಿದ, ದುಡಿದ ಜಾಗ ಇದು. ಗೈಡ್ ಅವನನ್ನು ಶ್ವಾನ್‌ಜಾಂಗ್ ಎನ್ನುತ್ತಾನೆ, ಇಬ್ಬರೂ ಒಬ್ಬನೇ ಎಂದು ಮಕ್ಕಳಿಗೆ ಮೊದಲೇ ತಿಳಿಸಿ.

ಕನ್ನಡದ ಮನೆಯೊಂದಕ್ಕೆ ಇಡೀ ಶಿಯಾನ್‌ನಲ್ಲಿ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ. ದೇಶ ಬಿಡಲು ಅಪ್ಪಣೆ ಸಿಗದಿದ್ದರೂ ಛಾಂಗಾನ್‌ನಿಂದ ಹೊರಟ ಈ ಭಿಕ್ಷು ಮರುಭೂಮಿ, ಹಿಮಪರ್ವತ ದಾಟಿ ಭಾರತಕ್ಕೆ ಬಂದ. ನಾಲಂದಾದಲ್ಲಿ ಕಲಿತ, ಕನೌಜಿನ ಹರ್ಷವರ್ಧನನ ಆದರ ಪಡೆದ. ದಕ್ಷಿಣಕ್ಕೂ ಇಳಿದು ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯದಲ್ಲಿ ಓಡಾಡಿದ. ಅಲ್ಲಿನ ಜನರ ಬಗ್ಗೆ ಅವನು ಬರೆದಿಟ್ಟದ್ದು ಓದಲು ಸೊಗಸು: ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ. ಕಾಳಗಕ್ಕೆ ಮುಂಚೆ ಆನೆಗಳಿಗೆ ಮದ್ಯ ಕುಡಿಸುತ್ತಾರೆ. ಪೂರ್ವ ಪಶ್ಚಿಮಗಳನ್ನೆಲ್ಲ ಗೆದ್ದ ಹರ್ಷನಿಗೆ ಇವರೊಬ್ಬರು ತಲೆಬಾಗಲಿಲ್ಲ. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಶಾಸನ ಹೇಳುವುದೂ ಅದೇ ಗೆಲುವನ್ನು. ಒಂದೇ ಸಂಗತಿಗೆ ಒಂದು ಸಾಕ್ಷಿ ಐಹೊಳೆಯ ಬೆಟ್ಟದ ಮೇಲಿದೆ, ಇನ್ನೊಂದನ್ನು ಈ ಊರಿನಲ್ಲಿ ಕುಳಿತು ಬರೆಸಲಾಯಿತು. ಹೊರಡುವ ಮುಂಚೆ ಐಹೊಳೆ ಶಾಸನದ ಒಂದು ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಇಲ್ಲಿ ನಿಂತು ಅದನ್ನು ಗೈಡ್‌ಗೆ ತೋರಿಸಿ ವಿವರಿಸುವ ಕೆಲಸ ಮಗಳಿಗೆ ಬಿಡಿ. ಭಾರತ ಎಂದರೆ ನಾಲಂದಾದವರೆಗೆ ಮಾತ್ರ ಹೇಳಿ ಅಭ್ಯಾಸವಾದ ಗೈಡ್‌ಗೂ ಅದು ಹೊಸದಾಗಿರುತ್ತದೆ.

645ರಲ್ಲಿ ಅವನು ಮರಳಿದಾಗ ಜೊತೆಗೆ 657 ಗ್ರಂಥಗಳಿದ್ದವು. ಉಳಿದ ಆಯುಷ್ಯವನ್ನೆಲ್ಲ, 664ರಲ್ಲಿ ತೀರಿಕೊಳ್ಳುವವರೆಗೆ, ಅವುಗಳ ಅನುವಾದಕ್ಕೇ ಕೊಟ್ಟ. ಈ ದೇವಾಲಯವನ್ನು 648ರಲ್ಲಿ ಯುವರಾಜನೊಬ್ಬ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ್ದ. ಗ್ರಂಥ, ವಿಗ್ರಹಗಳು ಬೆಂಕಿಗೆ ಸಿಗಬಾರದೆಂದು ಹ್ಯೂಯೆನ್ ತ್ಸಾಂಗ್ ಬೇಡಿಕೊಂಡಿದ್ದರಿಂದ 652ರಲ್ಲಿ ಗೋಪುರ ಎದ್ದಿತು. ಅವನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಶಿಷ್ಯರು ಬರೆದ ಜೀವನಚರಿತ್ರೆ ಹೇಳುತ್ತದೆ. ಮೊದಲು ಐದೇ ಅಂತಸ್ತು ಇತ್ತು. ಮಣ್ಣು ತುಂಬಿದ ಆ ಕಟ್ಟಡ ಬೇಗ ಶಿಥಿಲವಾಗಿ, ಸಾಮ್ರಾಜ್ಞಿ ವೂ ಝೆಟಿಯನ್ ಕಾಲದಲ್ಲಿ, 701-704ರ ನಡುವೆ ಮತ್ತೆ ಕಟ್ಟಿದರು. ಇಂದು ಕಾಣುವುದು ಏಳು ಅಂತಸ್ತು, ಸುಮಾರು 64 ಮೀಟರ್.

ಒಳಗೆ ಲಿಫ್ಟ್ ಇಲ್ಲ, ಕಡಿದಾದ ಮರದ ಮೆಟ್ಟಿಲು. ಹತ್ತುವುದಕ್ಕೆ ಬೇರೆ ಟಿಕೆಟ್. ಮಕ್ಕಳೂ ಹರೆಯದವರೂ ಹತ್ತಲಿ, ಹಿರಿಯರು ಮರಗಳ ಕೆಳಗೆ ಕೂರಲಿ. ಹತ್ತದವರಿಗೆ ನಷ್ಟವೇನೂ ಇಲ್ಲ, ಅಸಲು ನೋಡಬೇಕಾದದ್ದು ಕೆಳಗೇ ಇದೆ. ದಕ್ಷಿಣದ ಬಾಗಿಲಿನ ಎರಡೂ ಪಕ್ಕದ ಗೂಡುಗಳಲ್ಲಿ 653ರ ಎರಡು ಶಿಲಾಫಲಕಗಳಿವೆ. ಹ್ಯೂಯೆನ್ ತ್ಸಾಂಗ್‌ನ ಅನುವಾದಗಳಿಗೆ ಚಕ್ರವರ್ತಿ ಬರೆದ ಮುನ್ನುಡಿ ಒಂದರಲ್ಲಿ, ಯುವರಾಜನಾಗಿದ್ದಾಗ ಮಗ ಬರೆದ ಮಾತು ಇನ್ನೊಂದರಲ್ಲಿ. ಅಕ್ಷರ ಚೂ ಸುಯ್‌ಲ್ಯಾಂಗ್ ಎಂಬ ಹೆಸರಾಂತ ಲಿಪಿಕಾರನದು. ಪಶ್ಚಿಮದ ಬಾಗಿಲ ಮೇಲಿನ ಕಲ್ಲಿನಲ್ಲಿ ತೆಳುಗೆರೆಯಲ್ಲಿ ಕೊರೆದ ಬುದ್ಧನ ಸಭಾಮಂಟಪ ಇದೆ. ತಾಂಗ್ ಕಾಲದ ಮರದ ಕಟ್ಟಡಗಳು ಹೇಗಿದ್ದವೆಂದು ತಿಳಿಯಲು ವಿದ್ವಾಂಸರು ಇದನ್ನೇ ನೋಡುತ್ತಾರೆ. ಪಕ್ಕದಿಂದ ಬೆಳಕು ಬಿದ್ದಾಗ ಗೆರೆಗಳು ಚೆನ್ನಾಗಿ ಕಾಣುತ್ತವೆ, ಸಂಜೆಯ ಬಿಸಿಲು ನಿಮಗೆ ಅನುಕೂಲ.

ಪರೀಕ್ಷೆಯ ಚಿಂತೆ ಇರುವ ಮಕ್ಕಳಿದ್ದರೆ ಇನ್ನೊಂದು ವಿಷಯ. ತಾಂಗ್ ಕಾಲದಲ್ಲಿ ರಾಜಸೇವೆಯ ಕಠಿಣ ಪರೀಕ್ಷೆ ಪಾಸಾದವರು ಇಲ್ಲಿ ಬಂದು ತಮ್ಮ ಹೆಸರು ಬರೆಸುತ್ತಿದ್ದರು. ಕವಿ ಬೈ ಜ್ಯೂಯಿ ಅವರಲ್ಲೊಬ್ಬ.

ದಕ್ಷಿಣದ ಚೌಕದಲ್ಲಿ ಕೋಲು ಹಿಡಿದು ನಿಂತ ಹ್ಯೂಯೆನ್ ತ್ಸಾಂಗ್‌ನ ದೊಡ್ಡ ಪ್ರತಿಮೆ ಇದೆ. ಇಡೀ ಮನೆಮಂದಿಯ ಫೋಟೋಗೆ ಅದೇ ಜಾಗ. ಉತ್ತರದ ಚೌಕದ ಸಂಗೀತ ಕಾರಂಜಿಗೆ ಗೈಡ್ ಕರೆಯಬಹುದು. ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಕಾದರೆ ಕೋಟೆ ತಪ್ಪುತ್ತದೆ. ನಾಲ್ಕೂವರೆಗೆ ಹೊರಡಿ.

ಸಂಜೆ: ಕೋಟೆಯ ಮೇಲೆ

ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ, 1370ರಲ್ಲಿ ಶುರುವಾಗಿ 1378ಕ್ಕೆ ಮುಗಿದ ಈ ಗೋಡೆ ಹಳೆಯ ಊರನ್ನು ಇಂದಿಗೂ ಪೂರ್ತಿ ಸುತ್ತುವರಿದಿದೆ. ಸುತ್ತಳತೆ 13.74 ಕಿಲೋಮೀಟರ್, ಎತ್ತರ 12 ಮೀಟರ್. ಮೇಲ್ಭಾಗದ ಅಗಲವೂ 12ರಿಂದ 14 ಮೀಟರ್, ಎರಡು ಬಸ್ಸು ಆರಾಮಾಗಿ ಓಡುವಷ್ಟು. ಟಿಕೆಟ್ 54 ಯುವಾನ್. ದಕ್ಷಿಣದ ಯೊಂಗ್‌ನಿಂಗ್ ಬಾಗಿಲಿನಿಂದ ಹತ್ತಿ. ಒಳಗೆ ಬರುವಾಗ ನಾಲ್ಕೂ ಕಡೆ ಎತ್ತರದ ಗೋಡೆಯಿರುವ ಅಂಗಳ ಸಿಗುತ್ತದೆ. ಮೊದಲ ಬಾಗಿಲು ಮುರಿದು ನುಗ್ಗಿದ ಶತ್ರು ಸಿಕ್ಕಿಬೀಳುತ್ತಿದ್ದದ್ದು ಅಲ್ಲಿ. ಅಂಗಳದ ನಡುವೆ ನಿಂತು ಒಮ್ಮೆ ಸುತ್ತ ಮೇಲಕ್ಕೆ ನೋಡಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ, ಇಬ್ಬರು ತುಳಿಯುವ ಜೋಡಿ ಸೈಕಲ್ ಕೂಡ. ಪೂರ್ತಿ ಸುತ್ತಿಗೆ ಒಂದೂವರೆ ಎರಡು ಗಂಟೆ ಬೇಕು, ಇಟ್ಟಿಗೆ ಹಾಸು ಕುಲುಕುತ್ತದೆ. ಬೆಳಗ್ಗಿನಿಂದ ಓಡಾಡಿದ ಮನೆಮಂದಿಗೆ ಪೂರ್ತಿ ಸುತ್ತು ಬೇಡ. ಮಕ್ಕಳಿಗೆ ವಯಸ್ಸಿನ ನಿಯಮ ಇರುತ್ತದೆ, ಠೇವಣಿಯೂ ಇಡಬೇಕು, ಬಾಡಿಗೆಗೆ ಮುಂಚೆ ಎರಡನ್ನೂ ಕೇಳಿ. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ. ಉಳಿದವರು ಪೂರ್ವಕ್ಕೆ ವೆನ್‌ಛಾಂಗ್ ಬಾಗಿಲಿನವರೆಗೆ ನಡೆಯಿರಿ. ಹೋಗುತ್ತ ಹೊರಕ್ಕೆ ಚಾಚಿದ ಬುರುಜುಗಳನ್ನು ಎಣಿಸಲು ಚಿಕ್ಕವನಿಗೆ ಹೇಳಿ. ಇಡೀ ಗೋಡೆಗೆ ಇಂಥವು 98, ಒಂದರಿಂದ ಇನ್ನೊಂದಕ್ಕೆ 120 ಮೀಟರ್. ಎರಡು ಬುರುಜುಗಳ ನಡುವೆ ಎಲ್ಲೇ ಶತ್ರು ನಿಂತರೂ ಯಾವುದಾದರೂ ಒಂದರ ಬಾಣ ತಾಗುವಂತೆ ಈ ಅಳತೆ. ವೆನ್‌ಛಾಂಗ್ ಬಾಗಿಲ ಹತ್ತಿರ ಗೋಡೆಯ ಮೇಲೆಯೇ ಒಂದು ಸುಂದರ ಪುಟ್ಟ ಗೋಪುರ ಇದೆ. ಪರೀಕ್ಷೆಗಳ ದೇವರೆಂದು ನಂಬುವ ಕ್ವೇಶಿಂಗ್‌ನದು. ಕೆಳಗಿದ್ದ ಕನ್ಫ್ಯೂಷಿಯಸ್ ದೇವಾಲಯದ ಜಾಗದಲ್ಲಿ ಈಗ ಸಾವಿರಾರು ಕಲ್ಲು ಶಾಸನಗಳ ಸಂಗ್ರಹಾಲಯವಿದೆ. ಇನ್ನರ್ಧ ದಿನ ಸಿಕ್ಕರೆ ಶಾಸನ ಪ್ರಿಯರು ಅಲ್ಲಿಗೇ ಹೋಗಬೇಕು. ಸೂರ್ಯ ಮುಳುಗಿದ ಮೇಲೆ ಗೋಡೆಯುದ್ದಕ್ಕೂ ದೀಪ ಹೊತ್ತುತ್ತವೆ, ಅದನ್ನು ನೋಡಿಯೇ ಇಳಿಯಿರಿ.

ರಾತ್ರಿ ಮತ್ತು ಲೆಕ್ಕ

ಇನ್ನೂ ಉತ್ಸಾಹ ಇದ್ದರೆ ಮಾತ್ರ ಗಂಟೆ ಗೋಪುರದ ಕಡೆ ಹೋಗಿ. 1384ರಲ್ಲಿ ಕಟ್ಟಿ, 1582ರಲ್ಲಿ ಈಗಿನ ಜಾಗಕ್ಕೆ ಸ್ಥಳಾಂತರಿಸಿದ ಈ ಗೋಪುರ ಹಳೆಯ ಊರಿನ ನಟ್ಟನಡುವೆ ಇದೆ. ಹತ್ತಬೇಕಿಲ್ಲ, ದೀಪಾಲಂಕಾರವನ್ನು ಹೊರಗಿಂದ ನೋಡಿದರೆ ಸಾಕು. ಅಲ್ಲಿಂದ ನಗಾರಿ ಗೋಪುರ ದಾಟಿದರೆ ಹುಯ್ ಮುಸ್ಲಿಮರ ಬೀದಿ. ಇಲ್ಲಿ ಹಂದಿ ಮಾಂಸ ಇಲ್ಲ, ಕುರಿ ಮತ್ತು ದನದ ಮಾಂಸದ ಅಂಗಡಿ ಬೀದಿಯುದ್ದಕ್ಕೂ ಇವೆ. ವಾಸನೆ ಸಹಿಸದವರು ಒಳಕ್ಕೆ ಬರದಿರುವುದೇ ಒಳ್ಳೆಯದು. ಬಂದವರು ಒಣ ಬೋರೆಹಣ್ಣು ಹಾಕಿ ಬೇಯಿಸಿದ ಜಿಗುಟು ಅಕ್ಕಿಯ ಝೆಂಗ್‌ಗಾವ್, ಪರ್ಸಿಮನ್ ಹಣ್ಣಿನ ತಿರುಳಿನಿಂದ ಮಾಡಿದ ಸಿಹಿ ಬಿಲ್ಲೆ ತಿನ್ನಬಹುದು. ಜನ ಕಿಕ್ಕಿರಿದಿರುತ್ತಾರೆ, ಮಕ್ಕಳ ಕೈ ಬಿಡಬೇಡಿ, ಕಳೆದುಹೋದರೆ ಎಲ್ಲಿ ಸೇರಬೇಕೆಂದು ನಗಾರಿ ಗೋಪುರದ ಕೆಳಗೇ ಗುರುತು ಮಾಡಿಕೊಳ್ಳಿ. ಬೀದಿಯೊಳಗೆ ಕಾರು ಬರುವುದಿಲ್ಲ. ಡ್ರೈವರ್ ಎಲ್ಲಿ ನಿಲ್ಲುತ್ತಾನೆಂದು ಗೈಡ್ ಕೈಯಲ್ಲಿ ಮೊದಲೇ ಗೊತ್ತುಮಾಡಿಸಿ.

ದಿನವಿಡೀ ಬೇಕಾಗುವ ಸಣ್ಣಪುಟ್ಟವು: ಟಿಶ್ಯೂ ಪೇಪರ್ (ಸಾರ್ವಜನಿಕ ಶೌಚಾಲಯಗಳಲ್ಲಿ ಅನೇಕ ಕಡೆ ಇರುವುದಿಲ್ಲ), ತೊಳೆದುಕೊಳ್ಳಲು ಒಂದು ಖಾಲಿ ಬಾಟಲಿ, ಹಿರಿಯರ ಮಾತ್ರೆ, ಟೋಪಿ. ಶೌಚಾಲಯ ಹೆಚ್ಚಾಗಿ ನಮ್ಮಂತೆಯೇ ಕುಕ್ಕರಗಾಲಿನದು. ಮಂಡಿ ನೋವಿನವರಿಗೆ ಕಮೋಡ್ ಎಲ್ಲಿದೆ ಎಂದು ಪ್ರತಿ ಜಾಗಕ್ಕೂ ಗೈಡ್ ಅನ್ನು ಕೇಳಿ, ನಾಚಿಕೆ ಬೇಡ.

ಬಾಕಿ ಹಣವನ್ನು ದಿನ ಮುಗಿದ ಮೇಲೆ ಕೊಡಿ. ಚೀನಾದಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ, ಆದರೆ ವಿದೇಶಿಯರ ಜೊತೆ ಓಡಾಡುವ ಗೈಡ್, ಡ್ರೈವರ್‌ಗಳಿಗೆ ಕೊಡುವವರಿದ್ದಾರೆ. ಒತ್ತಾಯವೇನೂ ಇಲ್ಲ, ತಾತನ ಕೈ ಹಿಡಿದು ಮೆಟ್ಟಿಲು ಇಳಿಸಿದವನಿಗೆ ಮನಸ್ಸಾದಷ್ಟು ಕೊಡಿ. ಮರುದಿನ ಅತಿವೇಗದ ರೈಲು ಇದ್ದರೆ ಅದು ಹೊರಡುವುದು ಬಹುಮಟ್ಟಿಗೆ ಊರಾಚೆಯ ಶಿಯಾನ್ ಉತ್ತರ ನಿಲ್ದಾಣದಿಂದ. ಟಿಕೆಟ್ಟಿನಲ್ಲಿ ಯಾವ ನಿಲ್ದಾಣ ಎಂದು ಗೈಡ್ ಇರುವಾಗಲೇ ತೋರಿಸಿ ಖಚಿತ ಮಾಡಿಕೊಳ್ಳಿ. ಲಗೇಜ್ ತಪಾಸಣೆ, ಪಾಸ್‌ಪೋರ್ಟ್ ಗೇಟು ದಾಟಲು ಒಂದು ಗಂಟೆ ಮೊದಲೇ ಅಲ್ಲಿರಿ.